ಹಲ್ಲಿನ ಸೆಟ್ಟು ಕೊಟ್ಟರೆ ಸಾಲದು

ಮುದುಕರ ಬಾಯಿಯ ಹಲ್ಲು ಅಗ್ರಲೇಖನಕ್ಕೆ ತಕ್ಕ ವಿಷಯವೇ ಎಂದು ನಮ್ಮ ವಾಚಕ ಮಹಾಶಯರಲ್ಲಿ ಕೆಲವರು ಕೇಳಬಹುದು. ಕಾವೇರಿಯ ನೀರು, ಕಬ್ಬಿನ ಬೆಲೆ, ನಾಲೆಯ ದುರಸ್ತಿ ಮೊದಲಾದ ಪ್ರಶ್ನೆಗಳು ಸದಾ ಎದುರಿಗೆ ನಿಂತಿರುವ ಮಂಡ್ಯದ ಸೀಮೆಯಲ್ಲಿ ಇದು ಅಲ್ಪ ಸಂಗತಿಯಾಗಿ ತೋರುವುದು ಸಹಜವೇ. ಆದರೆ ವಿಶ್ವೇಶ್ವರಯ್ಯ ನಾಲೆಯ ನೀರನ್ನು ಗದ್ದೆಗೆ ತಿರುಗಿಸಿ, ಈ ಕಬ್ಬನ್ನು ನೆಟ್ಟು, ಕಡಿದು, ಗಾಡಿಗೆ ಹೇರಿ ಮಂಡ್ಯದ ಕಾರ್ಖಾನೆಗೆ ಸಾಗಿಸಿದವರೇ ಇಂದು ಜಗುಲಿಯ ಮೇಲೆ ಕುಳಿತಿರುವ ವೃದ್ಧರು. ತಾವು ಬೆಳೆದ ಕಬ್ಬಿನ ಒಂದು ಗೆಣ್ಣನ್ನು ಸಿಗಿದು ತಿನ್ನುವ ಶಕ್ತಿ ಅವರಲ್ಲಿ ಎಷ್ಟು ಮಂದಿಗೆ ಉಳಿದಿದೆ? ಅವರಿಗೆ ದೊರೆಯುವ ದಂತಚಿಕಿತ್ಸೆಯಿಂದ ಅವರು ನಿಜವಾಗಿ ತೃಪ್ತರಾಗಿರುವರೆ? ಊಟಕ್ಕೆ ಸಂಬಂಧಿಸಿದ ಪ್ರಶ್ನೆ ಯಾವ ಸಮಾಜದಲ್ಲಿಯೂ ಅಲ್ಪವಾದುದಲ್ಲವೆಂದು ನಾವು ಭಾವಿಸುತ್ತೇವೆ.

ಸರ್ಕಾರದವರು ಈ ವಿಷಯದಲ್ಲಿ ಏನನ್ನೂ ಮಾಡಿಲ್ಲವೆಂದು ನಾವು ಹೇಳುವುದಿಲ್ಲ. 2014-15ನೆಯ ಸಾಲಿನಲ್ಲಿ ಕರ್ನಾಟಕ ಸರ್ಕಾರವು 'ದಂತ ಭಾಗ್ಯ' ಎಂಬ ಯೋಜನೆಯನ್ನು ಕೈಗೊಂಡು, ಬಡತನದ ರೇಖೆಗಿಂತ ಕೆಳಗಿರುವ ಕುಟುಂಬಗಳಲ್ಲಿ 60 ವರ್ಷ ದಾಟಿ ಹಲ್ಲು ಕಳೆದುಕೊಂಡವರಿಗೆ ಕೃತಕ ದಂತಪಂಕ್ತಿಯನ್ನು ಉಚಿತವಾಗಿ ಕೊಡಿಸಲು ಏರ್ಪಾಡು ಮಾಡಿತು. ಮುಂದೆ ಈ ವಯೋಮಿತಿಯನ್ನು 45 ವರ್ಷಕ್ಕೆ ಇಳಿಸಲಾಯಿತು. ಅದೇ ಕಾಲದಲ್ಲಿ ಕೇಂದ್ರ ಸರ್ಕಾರವು ರಾಷ್ಟ್ರೀಯ ಬಾಯಿ ಆರೋಗ್ಯ ಕಾರ್ಯಕ್ರಮವನ್ನು ಆರಂಭಿಸಿತು. ಮಂಡ್ಯದಲ್ಲಿ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಗೆ ಸೇರಿದ ದೊಡ್ಡ ಆಸ್ಪತ್ರೆಯಿದೆ. ಮದ್ದೂರು ಮಳವಳ್ಳಿಗಳಲ್ಲಿ ತಾಲ್ಲೂಕು ಆಸ್ಪತ್ರೆಗಳಿವೆ. ಬಡವನ ಬಾಯಿಗೆ ಹಲ್ಲು ಕಟ್ಟಿಸುವುದೂ ರಾಜ್ಯದ ಕರ್ತವ್ಯವೆಂದು ಒಪ್ಪಿಕೊಂಡುದು ಶ್ಲಾಘನೀಯವೇ ಸರಿ. ನಮ್ಮ ಆಕ್ಷೇಪಣೆ ಬೇರೆ. ಇಂತಹ ಯೋಜನೆಗಳ ವರದಿಗಳೆಲ್ಲ ವಿತರಣೆಯ ಭಾಷೆಯಲ್ಲಿ ಮಾತನಾಡುತ್ತವೆ: ಇಷ್ಟು ಶಿಬಿರ, ಇಷ್ಟು ತಪಾಸಣೆ, ಇಷ್ಟು ಸೆಟ್ಟು. ಕೊಟ್ಟ ಸೆಟ್ಟು ಆರು ತಿಂಗಳಾದ ಮೇಲೆ ಮುದುಕನ ಬಾಯಲ್ಲಿದೆಯೋ, ಗೂಡಿನಲ್ಲಿಟ್ಟ ಡಬ್ಬಿಯಲ್ಲಿದೆಯೋ ಎಂಬುದೇ ನಿಜವಾದ ಲೆಕ್ಕ. ಆ ಲೆಕ್ಕವನ್ನು ಕೇಳುವ ಕಾಲ ಬಂದಿದೆ.

ಪ್ರಶ್ನೆಯ ವಿಸ್ತಾರವನ್ನು ಮೊದಲು ಮನಗಾಣಬೇಕು. 2011ರ ಜನಗಣತಿಯಲ್ಲಿ ಮಂಡ್ಯ ಜಿಲ್ಲೆಯ ಜನಸಂಖ್ಯೆ 18 ಲಕ್ಷಕ್ಕೆ ಸ್ವಲ್ಪ ಮೇಲಿತ್ತು. ಅವರಲ್ಲಿ ನೂರಕ್ಕೆ 80ಕ್ಕಿಂತ ಹೆಚ್ಚು ಮಂದಿ ಹಳ್ಳಿಗಳಲ್ಲಿಯೇ ಇದ್ದರು. ಕರ್ನಾಟಕದಲ್ಲಿ ಆಗ 60 ವರ್ಷ ದಾಟಿದವರು ನೂರಕ್ಕೆ ಸುಮಾರು ಒಂಬತ್ತೂವರೆ. ಅಲ್ಲಿಂದೀಚೆಗೆ ಆಯಸ್ಸು ಹೆಚ್ಚಿದೆ, ಹುಟ್ಟುವ ಮಕ್ಕಳ ಸಂಖ್ಯೆ ಕಡಮೆಯಾಗಿದೆ. ಬೆಂಗಳೂರಿಗೂ ಮೈಸೂರಿಗೂ ನಡುವೆ ಇರುವ ಈ ಜಿಲ್ಲೆಯಿಂದ ದುಡಿಯುವ ವಯಸ್ಸಿನವರು ಎರಡೂ ಕಡೆಗೆ ಹರಿದು ಹೋಗುತ್ತಿರುವರು. ಬಸರಾಳು, ಕೆರಗೋಡು, ಕೊಪ್ಪ, ಹಲಗೂರು, ಕಿರುಗಾವಲುಗಳ ಸುತ್ತಿನ ಹಳ್ಳಿಗಳಲ್ಲಿ ಹಗಲಿನ ವೇಳೆ ನಡೆದು ನೋಡಿದವರಿಗೆ ಮನೆಗಳಲ್ಲಿ ಯಾರು ಉಳಿದಿದ್ದಾರೆಂಬುದು ತಾನಾಗಿಯೇ ಗೊತ್ತಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನ ಪ್ರಕಾರ ಜಗತ್ತಿನಲ್ಲಿ 60 ವರ್ಷ ದಾಟಿದವರ ಪೈಕಿ ನೂರಕ್ಕೆ ಸುಮಾರು 23 ಮಂದಿಗೆ ಒಂದು ಹಲ್ಲೂ ಉಳಿದಿಲ್ಲ. ಕೆಲವು ಹಲ್ಲುಗಳು ಮಾತ್ರ ಅಲ್ಲಾಡುತ್ತ ಉಳಿದಿರುವವರು ಈ ಲೆಕ್ಕಕ್ಕೆ ಸೇರಿಲ್ಲ.

ಇಷ್ಟು ದೊಡ್ಡ ಕೊರತೆ ನಮ್ಮ ಜಿಲ್ಲೆಯಲ್ಲಿ ಯಾರ ಕಣ್ಣಿಗೂ ಬೀಳದೆ ಇರುವುದಕ್ಕೆ ಒಂದು ವಿಶೇಷ ಕಾರಣವುಂಟು. ನಮ್ಮದು ಮುದ್ದೆಯ ಸೀಮೆ. ರಾಗಿಮುದ್ದೆಯನ್ನು ಅಗಿಯುವ ಪದ್ಧತಿಯಿಲ್ಲ. ಮುರಿದು, ಸಾರಿನಲ್ಲಿ ಅದ್ದಿ, ನುಂಗುವುದೇ ಕ್ರಮ. ಆದಕಾರಣ ಹಲ್ಲೆಲ್ಲ ಬಿದ್ದ ಮುದುಕನೂ ಮನೆಯವರೊಡನೆ ಪಂಕ್ತಿಯಲ್ಲಿ ಕುಳಿತು ಉಪ್ಸಾರು ಮುದ್ದೆಯನ್ನು ಉಂಡು ಏಳುತ್ತಾನೆ. ನೋಡಿದವರು 'ಅಪ್ಪನ ಊಟಕ್ಕೇನೂ ತೊಂದರೆಯಿಲ್ಲ' ಎಂದುಕೊಳ್ಳುತ್ತಾರೆ. ಆದರೆ ಆತನ ತಟ್ಟೆಯಿಂದ ಏನೇನು ಜಾರಿಹೋಯಿತೆಂಬುದನ್ನು ಯಾರೂ ಎಣಿಸುವುದಿಲ್ಲ. ಸಾರಿನ ತಿಳಿ ಇಳಿಯುತ್ತದೆ, ಅದರೊಳಗಿನ ಅವರೆಕಾಳು, ಹುರಳಿಕಾಳು ತಳದಲ್ಲಿ ಉಳಿಯುತ್ತವೆ. ಕಡಲೆಕಾಯಿ, ಹಸಿ ಸೌತೆಕಾಯಿ, ಸೀಬೆಹಣ್ಣು, ಹಬ್ಬದ ಬಾಡು, ಚಕ್ಕುಲಿ, ಊರಿಗೆ ಹೆಸರು ತಂದ ಮದ್ದೂರಿನ ವಡೆ, ಇವೆಲ್ಲ ಒಂದೊಂದಾಗಿ ಮೊಮ್ಮಕ್ಕಳ ಪಾಲಾಗುತ್ತವೆ. ಹೀಗೆ ಮೈಗೆ ಬಲ ಕೊಡತಕ್ಕ ಕಾಳು, ಕಾಯಿ, ಮಾಂಸಗಳು ತಪ್ಪಿ, ಮೆತ್ತಗಿರುವ ಅನ್ನ, ಕಾಫಿಯಲ್ಲಿ ಅದ್ದಿದ ಬನ್ನು ಬಿಸ್ಕತ್ತುಗಳೇ ಆಹಾರವಾಗುತ್ತವೆ. ಸಕ್ಕರೆ ಕಾಯಿಲೆಯುಳ್ಳವರಿಗೆ ಇದು ಎಷ್ಟು ಅಹಿತವೆಂಬುದನ್ನು ವಿವರಿಸಬೇಕಾದುದಿಲ್ಲ. ಕಡಲೆ ಇದ್ದಾಗ ಹಲ್ಲಿಲ್ಲವೆಂಬ ಗಾದೆಯನ್ನು ನಾವು ನಗುತ್ತ ಹೇಳುತ್ತೇವೆ. ಅದರೊಳಗಿನ ನೋವು ಹಲ್ಲು ಹೋದವರಿಗೇ ಗೊತ್ತು.

ಹಾಗಾದರೆ ವೃದ್ಧರು ದೂರುವುದಿಲ್ಲವೇಕೆ ಎಂದು ಅಧಿಕಾರವರ್ಗದವರು ಕೇಳಬಹುದು. ಆಸ್ಪತ್ರೆಯ ಬಾಗಿಲಲ್ಲಿ ಕಾಗದ ಹಿಡಿದು ನಿಂತು 'ಚಿಕಿತ್ಸೆ ಹೇಗಿತ್ತು ತಾತ?' ಎಂದು ಕೇಳಿದರೆ ಬರುವ ಉತ್ತರವನ್ನು ನಾವೆಲ್ಲ ಬಲ್ಲೆವು: 'ಚೆನ್ನಾಗದೆ ಸಾಮಿ, ಏನೂ ತೊಂದ್ರೆ ಇಲ್ಲ.' ಒತ್ತಿ ಕೇಳಿದರೆ, 'ಇರ್ಲಿ ಬುಡಿ, ವಯಸ್ಸಾಯ್ತಲ್ಲ' ಎನ್ನುತ್ತಾರೆ. ಈ ಎರಡು ಮಾತುಗಳನ್ನು ತೃಪ್ತಿಯೆಂದು ಬರೆದುಕೊಳ್ಳುವುದು ದೊಡ್ಡ ತಪ್ಪು. ಮೊದಲನೆಯದು ದಾಕ್ಷಿಣ್ಯ. ಉಚಿತವಾಗಿ ಕೊಟ್ಟವರ ಮುಖದೆದುರಿಗೆ ಕೊಂಕು ನುಡಿಯುವುದು ನಮ್ಮ ಹಿರಿಯರ ಸಂಸ್ಕಾರವಲ್ಲ. ನಾಳೆ ಮತ್ತೆ ಅದೇ ಬಾಗಿಲಿಗೆ ಬರಬೇಕೆಂಬ ಭಯವೂ ಅದರೊಡನೆ ಇರುತ್ತದೆ. ಎರಡನೆಯದು ನಿರಾಶೆ. ಮುಪ್ಪಿನೊಡನೆ ಹಲ್ಲು ಹೋಗಲೇಬೇಕು, ಹೋದ ಮೇಲೆ ಸುಮ್ಮನಿರಲೇಬೇಕು ಎಂದು ನಂಬಿದವನು ಹೆಚ್ಚಿನದನ್ನು ಅಪೇಕ್ಷಿಸುವುದಿಲ್ಲ. ಅಪೇಕ್ಷೆಯೇ ಇಲ್ಲದವನಿಗೆ ಅತೃಪ್ತಿಯಾದರೂ ಎಲ್ಲಿಂದ ಬರಬೇಕು? ದಾಕ್ಷಿಣ್ಯವನ್ನೂ ನಿರಾಶೆಯನ್ನೂ ಕೂಡಿಸಿ 'ನೂರಕ್ಕೆ ಇಷ್ಟು ಮಂದಿ ಸಂತುಷ್ಟರು' ಎಂದು ವರದಿ ಬರೆದರೆ ಅದರಿಂದ ಸಂತುಷ್ಟರಾಗತಕ್ಕವರು ವರದಿ ಬರೆದವರು ಮಾತ್ರ.

ಸೆಟ್ಟು ಡಬ್ಬಿ ಸೇರುವುದೇಕೆ ಎಂಬುದನ್ನು ಸ್ವಲ್ಪ ವಿವರವಾಗಿ ಹೇಳುವುದು ಆವಶ್ಯಕ. ಮುದುಕರ ಹಟವೇ ಇದಕ್ಕೆ ಕಾರಣವೆಂಬ ಅಭಿಪ್ರಾಯ ಸರಿಯಲ್ಲ. ಹಲ್ಲು ಕಿತ್ತ ಮೇಲೆ ಅದನ್ನು ಹಿಡಿದಿದ್ದ ದವಡೆಯ ಎಲುಬು ಕ್ರಮೇಣ ಸವೆದು ಕುಗ್ಗುತ್ತದೆ. ಮೊದಲನೆಯ ವರ್ಷದಲ್ಲಿ ಈ ಸವೆತ ಬಹಳ ವೇಗವಾಗಿರುತ್ತದೆ. ಆದುದರಿಂದ ಇಂದು ಸರಿಯಾಗಿ ಕೂತ ಸೆಟ್ಟು ಕೆಲವು ಕಾಲದ ಮೇಲೆ ಸಡಿಲವಾಗುವುದು ಪ್ರಕೃತಿನಿಯಮ. ಮೇಲಿನ ಸೆಟ್ಟಿಗೆ ಅಂಗುಳಿನ ಆಶ್ರಯವಿದೆ. ಕೆಳಗಿನದಕ್ಕೆ ಅಷ್ಟು ವಿಸ್ತಾರವಾದ ಆಧಾರವಿಲ್ಲ, ಮೇಲಾಗಿ ನಾಲಗೆ ಅದನ್ನು ಸದಾ ಎತ್ತುತ್ತಿರುತ್ತದೆ. ಎಲ್ಲಾದರೂ ಒಂದು ಎಳ್ಳುಕಾಳಿನಷ್ಟು ಜಾಗದಲ್ಲಿ ಒತ್ತಿದರೂ ವಸಡಿನ ಮೇಲೆ ಹುಣ್ಣಾಗುತ್ತದೆ. ಅದನ್ನು ಉಜ್ಜಿ ಸರಿಪಡಿಸುವುದು ವೈದ್ಯರಿಗೆ ಕೆಲವು ನಿಮಿಷಗಳ ಕೆಲಸ. ರಾತ್ರಿ ಅದನ್ನು ತೆಗೆದು ನೀರಿನಲ್ಲಿಡಬೇಕು, ದಿನವೂ ತೊಳೆಯಬೇಕು, ಮೊದಲು ಮೆತ್ತನೆಯ ಪದಾರ್ಥಗಳನ್ನು ಎರಡೂ ಕಡೆಯಿಂದ ಅಗಿದು ಅಭ್ಯಾಸ ಮಾಡಬೇಕು ಎಂಬುದನ್ನೂ ಯಾರಾದರೂ ಕುಳಿತು ಹೇಳಬೇಕು. ಕೊಟ್ಟ ದಿನಕ್ಕಿಂತ ಕೊಟ್ಟ ಮೇಲಿನ ಮೂರು ತಿಂಗಳೇ ಮುಖ್ಯ. ಆ ಮೂರು ತಿಂಗಳಲ್ಲಿ ಕೇಳುವವರಿಲ್ಲದಿದ್ದರೆ ಮುದುಕಿಯು ಹುಣ್ಣಿನ ನೋವಿಗಿಂತ ಬೋಳು ಬಾಯಿಯೇ ವಾಸಿಯೆಂದು ನಿರ್ಧರಿಸುತ್ತಾಳೆ. ಅವಳ ನಿರ್ಧಾರವನ್ನು ಮೌಢ್ಯವೆಂದು ಕರೆಯಲು ನಮಗೆ ಅಧಿಕಾರವಿಲ್ಲ.

ಇನ್ನು ದಾರಿಯ ಮಾತು. ಪೂರ್ಣ ಸೆಟ್ಟು ಒಂದೇ ದಿನದಲ್ಲಿ ಆಗತಕ್ಕದ್ದಲ್ಲ. ಬಾಯಿಯ ಅಚ್ಚು ತೆಗೆಯುವುದು, ಮೇಲಿನ ಕೆಳಗಿನ ದವಡೆಗಳ ಅಳತೆ ನೋಡುವುದು, ಮೇಣದಲ್ಲಿ ಹಲ್ಲು ಜೋಡಿಸಿ ಪರೀಕ್ಷಿಸುವುದು, ಕೊನೆಗೆ ಕೂಡಿಸುವುದು, ಅನಂತರ ತಿದ್ದುವುದು ಎಂದು ನಾಲ್ಕೈದು ಸಲವಾದರೂ ವೈದ್ಯರ ಬಳಿಗೆ ಹೋಗಬೇಕು. ದಂತ ಭಾಗ್ಯದ ಕೆಲಸವನ್ನು ಬಹುಮಟ್ಟಿಗೆ ದಂತವೈದ್ಯ ಕಾಲೇಜುಗಳಿಗೆ ವಹಿಸಿದುದರಿಂದ, ನಮ್ಮವರಿಗೆ ಮೈಸೂರೋ ಬೆಂಗಳೂರೋ ಗತಿ. ಮಂಡ್ಯ ಮದ್ದೂರುಗಳಿಗೆ ರೈಲಿದೆ. ಶಿವನಸಮುದ್ರದಿಂದ 1902ರಲ್ಲಿಯೇ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುಚ್ಛಕ್ತಿಯನ್ನು ಕಳುಹಿಸಿದ ಮಳವಳ್ಳಿ ತಾಲ್ಲೂಕಿನ ಮುಖ್ಯ ಪಟ್ಟಣಕ್ಕೆ ರೈಲಿಲ್ಲ. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಿಂದ ಹೆಂಗಸರಿಗೆ ಬಸ್ಸಿನ ಖರ್ಚು ತಪ್ಪಿತೆಂಬುದು ನಿಜ. ಆದರೆ ಮುದುಕನಿಗೂ, ಅವನ ಕೈ ಹಿಡಿದು ಕರೆದೊಯ್ಯುವ ಮಗನಿಗೂ ಟಿಕೆಟ್ಟು ತಪ್ಪಲಿಲ್ಲ, ಆ ಮಗನ ಒಂದು ದಿನದ ಕೂಲಿಯೂ ಉಳಿಯಲಿಲ್ಲ. 2021ರಲ್ಲಿ ಸಂಧ್ಯಾ ಸುರಕ್ಷಾ ವೇತನವನ್ನು ತಿಂಗಳಿಗೆ 1,200 ರೂಪಾಯಿಗೆ ಏರಿಸಿದರು. ಐದು ಸಲದ ಪ್ರಯಾಣ, ಊಟ, ಕೂಲಿನಷ್ಟಗಳನ್ನು ಈ ಮೊತ್ತದ ಪಕ್ಕದಲ್ಲಿಟ್ಟು ನೋಡಿದರೆ 'ಉಚಿತ' ಎಂಬ ಪದದ ಅರ್ಥ ತಿಳಿಯುತ್ತದೆ.

ಇಲ್ಲಿಯವರೆಗೆ ಹೇಳಿದುದು ಹಲ್ಲು ಹೋದ ಮೇಲಿನ ಕಥೆ. ಹೋಗುವ ಮುಂಚೆ ಉಳಿಸುವ ವಿಷಯದಲ್ಲಿ ನಮ್ಮ ಉದಾಸೀನ ಇನ್ನೂ ಹೆಚ್ಚಿನದು. ನೋವು ತಡೆಯಲಾರದಷ್ಟು ಆದಾಗ ಮಾತ್ರ ಆಸ್ಪತ್ರೆಗೆ ಹೋಗುವುದು, ಹೋದ ದಿನವೇ ಕೀಳಿಸಿಕೊಂಡು ಬರುವುದು, ಇದೇ ರೂಢಿಯಾಗಿದೆ. ಹಲ್ಲಿನ ಬೇರಿನ ಚಿಕಿತ್ಸೆಗೆ ಹಲವು ಭೇಟಿಗಳು ಬೇಕು, ಖಾಸಗಿಯಲ್ಲಿ ಹಣವೂ ಬೇಕು. ಕೀಳಲು ಎರಡೂ ಬೇಡ. ಸಕ್ಕರೆ ಕಾಯಿಲೆಯಿದ್ದವರಿಗೆ ವಸಡಿನ ರೋಗ ಬೇಗ ಹತ್ತುತ್ತದೆ. ವಸಡಿನ ರೋಗ ಬಲಿತರೆ ಸಕ್ಕರೆಯನ್ನು ಹತೋಟಿಯಲ್ಲಿಡುವುದು ಕಷ್ಟವಾಗುತ್ತದೆ. ಇದ್ದಿಲು, ಇಟ್ಟಿಗೆಪುಡಿಗಳಿಂದ ಉಜ್ಜಿ ಹಲ್ಲಿನ ಹೊಳಪಿನ ಪದರವನ್ನೇ ಸವೆಸಿಕೊಂಡವರು ಹಿರಿಯರಲ್ಲಿ ಅನೇಕರು. ಎಲೆಯಡಿಕೆಯೊಡನೆ ಹೊಗೆಸೊಪ್ಪನ್ನೋ ಕಡ್ಡಿಪುಡಿಯನ್ನೋ ದವಡೆಯಲ್ಲಿ ಒತ್ತರಿಸಿಕೊಳ್ಳುವ ಅಭ್ಯಾಸ ನಮ್ಮ ಮುದುಕಿಯರಲ್ಲಿ ಎಷ್ಟಿದೆಯೆಂಬುದನ್ನು ಎಲ್ಲರೂ ಬಲ್ಲರು. ಹೊಗೆಸೊಪ್ಪಿನ ತಾಂಬೂಲ ಮಾತ್ರವಲ್ಲದೆ ಬರಿಯ ಅಡಿಕೆಯೂ ಕ್ಯಾನ್ಸರಿಗೆ ಕಾರಣವೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2004ರಲ್ಲಿಯೇ ತೀರ್ಮಾನಿಸಿತು. ಹೀಗಿರುವಾಗ ವೃದ್ಧರ ಬಾಯಿಯನ್ನು ವರ್ಷಕ್ಕೊಮ್ಮೆಯಾದರೂ ಬೆಳಕಿನಲ್ಲಿ ತೆರೆದು ನೋಡುವುದು ಹಲ್ಲಿನ ಪ್ರಶ್ನೆ ಮಾತ್ರವಲ್ಲ, ಪ್ರಾಣದ ಪ್ರಶ್ನೆಯೂ ಆಗಿದೆ.

ಬೇರೆ ದೇಶದವರು ಈ ವಿಷಯದಲ್ಲಿ ನಡೆದ ದಾರಿಯನ್ನು ನೋಡಬಹುದು. ಜಪಾನಿನವರು 1989ರಲ್ಲಿ, 80ನೆಯ ವಯಸ್ಸಿನಲ್ಲಿ ಸ್ವಂತದ 20 ಹಲ್ಲುಗಳಾದರೂ ಇರಬೇಕೆಂಬ ಗುರಿಯನ್ನಿಟ್ಟುಕೊಂಡರು. ಆಗ ಆ ವಯಸ್ಸಿನವರಲ್ಲಿ ಹತ್ತರಲ್ಲೊಬ್ಬರಿಗೆ ಇಷ್ಟು ಹಲ್ಲಿದ್ದರೆ ಹೆಚ್ಚು. 2016ರ ಸಮೀಕ್ಷೆಯ ವೇಳೆಗೆ ಅರ್ಧಕ್ಕಿಂತ ಹೆಚ್ಚು ಮಂದಿ ಗುರಿ ಮುಟ್ಟಿದ್ದರು. ಮುಪ್ಪು ಬಂದರೆ ಹಲ್ಲು ಹೋಗಲೇಬೇಕೆಂಬ ನಮ್ಮ ನಂಬಿಕೆ ಎಷ್ಟು ಟೊಳ್ಳೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಡ. ಅಮೆರಿಕದಲ್ಲಿ ಅಚಿಸನ್ ಮತ್ತು ಡೋಲನ್ ಎಂಬ ಇಬ್ಬರು ವಿದ್ವಾಂಸರು 1990ರಲ್ಲಿ ವೃದ್ಧರಿಗೋಸ್ಕರವೇ 12 ಪ್ರಶ್ನೆಗಳ ಒಂದು ಮಾಲೆಯನ್ನು ಸಿದ್ಧಪಡಿಸಿದರು. ಅದರಲ್ಲಿ 'ವೈದ್ಯರು ಒಳ್ಳೆಯವರೇ?' ಎಂಬ ಪ್ರಶ್ನೆಯಿಲ್ಲ. ಕಳೆದ ಮೂರು ತಿಂಗಳಲ್ಲಿ ಹಲ್ಲಿನ ದೆಸೆಯಿಂದ ಯಾವ ಆಹಾರವನ್ನಾದರೂ ಬಿಟ್ಟಿರಾ, ಗಟ್ಟಿ ಪದಾರ್ಥವನ್ನು ಅಗಿಯಲು ತೊಂದರೆಯಾಯಿತೆ, ಮಾತು ತೊಡರಿತೆ, ನಾಲ್ವರ ಎದುರಿಗೆ ಉಣ್ಣಲು ಸಂಕೋಚವಾಯಿತೆ ಎಂಬಂತಹ ಪ್ರಶ್ನೆಗಳಿವೆ. ಇಂತಹ ಪ್ರಶ್ನೆಗೆ ದಾಕ್ಷಿಣ್ಯದ ಉತ್ತರ ಹೊಂದುವುದಿಲ್ಲ. 'ಚೆನ್ನಾಗಿದೆಯೆ?' ಎಂದು ಕೇಳಿದರೆ 'ಚೆನ್ನಾಗಿದೆ' ಎನ್ನುವ ತಾತನೇ, 'ಅವರೆಕಾಳು ತಿಂದು ಎಷ್ಟು ದಿನವಾಯಿತು?' ಎಂದು ಕೇಳಿದರೆ ನಿಜವನ್ನು ಹೇಳುತ್ತಾನೆ.

ಪಟ್ಟಣದ ಅನುಕೂಲವಂತರ ಸ್ಥಿತಿ ಬಹಳ ಭಿನ್ನವಾಗಿದೆಯೆಂದೂ ತಿಳಿಯಬಾರದು. ಮಂಡ್ಯದ ಬೀದಿಗಳಲ್ಲಿ ದಂತವೈದ್ಯರ ಫಲಕಗಳಿಗೆ ಕೊರತೆಯಿಲ್ಲ. ಅವರಲ್ಲಿ ಸಹನೆಯೂ ಕೌಶಲವೂ ಉಳ್ಳವರು ಹಲವರು. ಆದರೆ ಹಲವು ಚಿಕಿತ್ಸಾಲಯಗಳು ಮಹಡಿಯ ಮೇಲಿವೆ. ಮೊಣಕಾಲು ನೋವಿನ ವೃದ್ಧನಿಗೆ ಹಲ್ಲುನೋವಿಗಿಂತ ಮೆಟ್ಟಿಲೇ ಮೊದಲ ಪರೀಕ್ಷೆ. ಮಾತುಕತೆಯೆಲ್ಲ ಕರೆತಂದ ಮಗನೊಡನೆ ನಡೆಯುತ್ತದೆ. ಬಾಯಿ ತೆರೆದು ಕುಳಿತವನಿಗೆ ತನ್ನ ಬಾಯಲ್ಲಿ ಏನಾಗುತ್ತಿದೆಯೆಂಬುದು ತಿಳಿಯುವುದಿಲ್ಲ. ವೆಚ್ಚವೆಷ್ಟಾಗುವುದೆಂಬುದು ಮೊದಲೇ ಸ್ಪಷ್ಟವಾಗದೆ ಕೊನೆಯಲ್ಲಿ ಮನಸ್ತಾಪವಾಗುವುದೂ ಉಂಟು. ಖಾಸಗಿ ವೈದ್ಯಕೀಯ ಸಂಸ್ಥೆಗಳನ್ನು ಕುರಿತ ಕರ್ನಾಟಕದ 2007ರ ಕಾನೂನು ದರಪಟ್ಟಿಯನ್ನು ಪ್ರದರ್ಶಿಸಬೇಕೆಂದು ವಿಧಿಸಿದೆ. ಆ ಪಟ್ಟಿ ಕನ್ನಡದಲ್ಲಿ, ಕನ್ನಡಕ ಹಾಕಿದವರಿಗೆ ಕಾಣುವಷ್ಟು ದೊಡ್ಡ ಅಕ್ಷರದಲ್ಲಿ ಇರಲಿ ಎಂಬುದಿಷ್ಟೇ ನಮ್ಮ ಪ್ರಾರ್ಥನೆ.

ಹೃದ್ರೋಗ, ಮೂತ್ರಪಿಂಡದ ರೋಗಗಳಿಗೇ ಹಣ ಸಾಲದಿರುವಾಗ ಹಲ್ಲಿಗೆ ಎಲ್ಲಿಂದ ತರುವುದು ಎಂಬ ಆಕ್ಷೇಪಣೆ ಬರಬಹುದು. ಈ ವಾದದಲ್ಲಿ ತೂಕವಿಲ್ಲವೆಂದು ನಾವು ಹೇಳಲಾರೆವು. ಆದರೆ ಸೆಟ್ಟಿನ ಹಣವನ್ನು ಸರ್ಕಾರ ಈಗಾಗಲೇ ಖರ್ಚು ಮಾಡುತ್ತಲಿದೆ. ಡಬ್ಬಿ ಸೇರಿದ ಪ್ರತಿಯೊಂದು ಸೆಟ್ಟೂ ಪೂರ್ತಿ ನಷ್ಟ. ಅದನ್ನು ಬಾಯಲ್ಲಿ ನಿಲ್ಲಿಸಲು ಬೇಕಾದುದು ಅದಕ್ಕಿಂತ ಬಹಳ ಕಡಮೆಯ ಖರ್ಚು. ನಾಲೆ ತೋಡಿ ತೂಬು ಇಡದವನನ್ನು ಯಾರೂ ಮಿತವ್ಯಯಿಯೆಂದು ಹೊಗಳುವುದಿಲ್ಲ.

ಆದುದರಿಂದ ಜಿಲ್ಲಾಡಳಿತದವರಿಗೂ ಆರೋಗ್ಯ ಇಲಾಖೆಯವರಿಗೂ ನಾವು ನಾಲ್ಕು ಸೂಚನೆಗಳನ್ನು ಮಾಡಬಯಸುತ್ತೇವೆ. ಮೊದಲನೆಯದಾಗಿ, ಮಂಡ್ಯ, ಮದ್ದೂರು, ಮಳವಳ್ಳಿ ಆಸ್ಪತ್ರೆಗಳ ದಂತವಿಭಾಗದಲ್ಲಿ ವಾರಕ್ಕೆ ಒಂದು ಗೊತ್ತಾದ ದಿನವನ್ನು, ಸಾಧ್ಯವಾದರೆ ಸಂತೆಯ ದಿನವನ್ನೇ, ಸೆಟ್ಟು ತಿದ್ದುವುದಕ್ಕೆಂದು ಮೀಸಲಿಡತಕ್ಕದ್ದು. ಎಲ್ಲಿ ಕಟ್ಟಿಸಿಕೊಂಡ ಸೆಟ್ಟಾದರೂ ಅಂದು ಅಲ್ಲಿ ತಿದ್ದಿಕೊಡಬೇಕು. ಎರಡನೆಯದಾಗಿ, ಮುದುಕರು ಕಾಲೇಜಿಗೆ ಹೋಗುವುದರ ಬದಲು ಅಚ್ಚು ಮತ್ತು ಅಳತೆಯ ಕೆಲಸಕ್ಕೆ ಕಾಲೇಜಿನವರೇ ತಾಲ್ಲೂಕು ಆಸ್ಪತ್ರೆಗೆ ಗೊತ್ತಾದ ದಿನಗಳಲ್ಲಿ ಬರುವಂತೆ ಏರ್ಪಡಿಸಬೇಕು. ಪ್ರಯೋಗಶಾಲೆಯ ಕೆಲಸಕ್ಕೆ ಅಚ್ಚು ಪ್ರಯಾಣ ಮಾಡಲಿ, ಮನುಷ್ಯ ಮಾಡಬೇಕಾದುದಿಲ್ಲ. ಮೂರನೆಯದಾಗಿ, ಹಿರಿಯ ನಾಗರಿಕರ ಪಾಲನೆಯನ್ನು ಕುರಿತ 2007ರ ಕೇಂದ್ರ ಶಾಸನದ 20ನೆಯ ಪ್ರಕರಣದಲ್ಲಿ ಆಸ್ಪತ್ರೆಗಳಲ್ಲಿ ವೃದ್ಧರಿಗೆ ಪ್ರತ್ಯೇಕ ಸಾಲು ಇರಬೇಕೆಂದು ಹೇಳಿದೆ. ಅದು ದಂತವಿಭಾಗದ ಬಾಗಿಲಿಗೂ ಅನ್ವಯಿಸುತ್ತದೆಂಬುದನ್ನು ನೆನಪಿನಲ್ಲಿಡಬೇಕು, ಸಾಲಿನ ಜೊತೆಗೆ ಒಂದು ಬೆಂಚೂ ಇರಬೇಕು. ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯವಾದುದು. 2024ರ ಅಕ್ಟೋಬರಿನಲ್ಲಿ ಕೋಲಾರದಲ್ಲಿ ಆರಂಭವಾದ ಗೃಹ ಆರೋಗ್ಯ ಯೋಜನೆಯಲ್ಲಿ ರಕ್ತದೊತ್ತಡ, ಸಕ್ಕರೆ ಕಾಯಿಲೆ, ಬಾಯಿ ಕ್ಯಾನ್ಸರುಗಳ ತಪಾಸಣೆ ಮನೆಯ ಬಾಗಿಲಿಗೇ ಬಂದಿತು. ಇಂತಹ ಭೇಟಿಯಲ್ಲಿ ಆಶಾ ಕಾರ್ಯಕರ್ತೆಯು ಮೂರೇ ಪ್ರಶ್ನೆಗಳನ್ನು ಕೇಳಿ ಬರೆದುಕೊಳ್ಳಲಿ: ಏನನ್ನು ಅಗಿಯಲಾರಿರಿ? ಸೆಟ್ಟು ಈಗ ಬಾಯಲ್ಲಿದೆಯೆ? ಇಲ್ಲದಿದ್ದರೆ ಏಕೆ? ಅದನ್ನು ಕಟ್ಟಿಕೊಟ್ಟ ಆಸ್ಪತ್ರೆಯ ಜಗುಲಿಯಲ್ಲಲ್ಲ, ಮುದುಕನ ಸ್ವಂತ ಜಗುಲಿಯಲ್ಲಿ ಈ ಪ್ರಶ್ನೆ ಕೇಳಬೇಕು. ಈ ಹೊಸ ಕೆಲಸಕ್ಕೆ ತಕ್ಕ ಗೌರವಧನವನ್ನು ಆಕೆಗೆ ಕೊಡಬೇಕೆಂಬುದನ್ನು ಪ್ರತ್ಯೇಕವಾಗಿ ಹೇಳಬೇಕಾದುದಿಲ್ಲ.

ಸರ್ಕಾರಕ್ಕೆ ಇಷ್ಟು ಹೇಳಿದ ಮೇಲೆ ಗೃಹಸ್ಥರಿಗೂ ಒಂದು ಮಾತು ಹೇಳದಿದ್ದರೆ ನಮ್ಮ ಕರ್ತವ್ಯ ಪೂರ್ತಿಯಾಗುವುದಿಲ್ಲ. ತಂದೆಯ ಕಣ್ಣಿಗೆ ಪೊರೆ ಬಂದರೆ ನಾವು ಶಸ್ತ್ರಚಿಕಿತ್ಸೆ ಮಾಡಿಸುತ್ತೇವೆ. ಕಿವಿ ಮಂದವಾದರೆ ಯಂತ್ರವನ್ನು ತಂದುಕೊಡುತ್ತೇವೆ. ಹಲ್ಲು ಹೋದರೆ ಮಾತ್ರ 'ಅಪ್ಪನಿಗೆ ಮುದ್ದೆ ಮೆತ್ತಗೆ ಮಾಡು' ಎಂದು ಹೇಳಿ ಸುಮ್ಮನಾಗುತ್ತೇವೆ. ಕೆಲವು ಮನೆಗಳಲ್ಲಿ 'ಈ ವಯಸ್ಸಿನಲ್ಲಿ ಶೃಂಗಾರವೇ?' ಎಂಬ ಕುಚೋದ್ಯವೂ ನಡೆಯುತ್ತದೆ. ಬೊಚ್ಚುಬಾಯಿಯ ಮಾತು ತೊದಲುವುದರಿಂದ ನ್ಯಾಯಪಂಚಾಯಿತಿಯಲ್ಲಿ ದನಿಯೆತ್ತುತ್ತಿದ್ದ ಹಿರಿಯನು ಮೂಲೆಗೆ ಸರಿಯುತ್ತಾನೆ. ಮದುವೆಯ ಪಂಕ್ತಿಯಲ್ಲಿ ಕೂರಲು ಸಂಕೋಚಪಟ್ಟು ಮುದುಕಿಯು ಮನೆಯಲ್ಲಿಯೇ ಉಳಿಯುತ್ತಾಳೆ. ಈ ಹಿಂಜರಿತವನ್ನು ಮುಪ್ಪಿನ ವೈರಾಗ್ಯವೆಂದು ಭಾವಿಸಿ ನಾವು ನಮ್ಮನ್ನು ಸಮಾಧಾನಪಡಿಸಿಕೊಳ್ಳುತ್ತಿರುವೆವು.

ವೃದ್ಧರ ತೃಪ್ತಿಯನ್ನು ಅಳೆಯುವುದಕ್ಕೆ ನಾವು ಸೂಚಿಸುವ ಮಾನದಂಡ ಬಹು ಸುಲಭವಾದುದು. ಅವರು ಧನ್ಯವಾದ ಹೇಳಿದರೆ ಎಂಬುದನ್ನು ಬಿಟ್ಟು, ಅವರೆಕಾಳಿನ ಕಾಲದಲ್ಲಿ ಸಾರಿನ ತಳದ ಕಾಳನ್ನು ಅಗಿದು ತಿಂದರೆ ಎಂಬುದನ್ನು ನೋಡಬೇಕು. ಈ ಲೆಕ್ಕವನ್ನು ಮಂಡ್ಯ ಜಿಲ್ಲೆಯವರು ಮೊದಲು ಬರೆದಿಟ್ಟರೆ ಉಳಿದ ಜಿಲ್ಲೆಗಳವರು ಅನುಸರಿಸಬಹುದು. ಸಂಬಂಧಪಟ್ಟ ಅಧಿಕಾರಿಗಳು ಬರುವ ಆಯವ್ಯಯದವರೆಗೆ ಕಾಯದೆ, ಖರ್ಚಿಲ್ಲದ ಕೆಲಸವಾದ ಆ ಮೂರು ಪ್ರಶ್ನೆಗಳಿಂದಲೇ ಆರಂಭಿಸಬೇಕೆಂದು ನಾವು ಪ್ರಾರ್ಥಿಸುತ್ತೇವೆ.